ಗ್ಯಾರಂಟಿ ಯಾರಿಗೆ, ಸಾಲ ಯಾರಿಗೆ?

ಈ ತಿಂಗಳು ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ಒಂದೇ ವಿಷಯ: ಸರ್ಕಾರದ ಗ್ಯಾರಂಟಿ ಇರುವ ಸಾಲ. ನಮ್ಮ ರಾಜ್ಯದಲ್ಲಿ ಈಗ ಗ್ಯಾರಂಟಿ ಅಂದ ಕೂಡಲೇ ಹೆಂಗಸರ ಖಾತೆಗೆ ಬೀಳುವ 2,000 ರೂಪಾಯಿ, ದುಡ್ಡು ಕೊಡದೆ ಹತ್ತುವ ಬಸ್ಸು ನೆನಪಾಗುತ್ತೆ. ಬ್ಯಾಂಕಿನ ಮಾತಲ್ಲಿ ಬರುವ ಗ್ಯಾರಂಟಿ ಅದಲ್ಲ, ಸಾಲ ಮುಳುಗಿದರೆ ಅಂತ ಬ್ಯಾಂಕಿಗೆ ಕೊಡುವ ಜಾಮೀನು. ಎರಡನ್ನೂ ಒಂದೇ ಅಂದುಕೊಂಡು ಬರೆದ ಪತ್ರಗಳೇ ಜಾಸ್ತಿ ಇವೆ, ಅದಕ್ಕೇ ಈ ಸಲದ ಅಂಕಣ ಪೂರ್ತಿ ಇದಕ್ಕೇ ಇರಲಿ ಅಂದುಕೊಂಡೆ. ನಾನು ಸಾಲದ ಮೇಜಿನ ಆ ಕಡೆ ಇಪ್ಪತ್ತು ವರ್ಷಕ್ಕೂ ಮೇಲೆ ಕೂತವನು, ನಿವೃತ್ತಿಯಾದ ಮೇಲೆ ಈ ಕಡೆ ಬಂದಿದ್ದೇನೆ, ಹಾಗಾಗಿ ಎರಡೂ ಕಡೆಯವರನ್ನು ಬೈಯುವ ಹಕ್ಕು ನನಗಿದೆ. ಹೆಸರು ಹಾಕಬೇಡಿ ಅಂತ ಬಹಳ ಜನ ಕೇಳಿದ್ದರಿಂದ ಯಾರ ಹೆಸರನ್ನೂ ಹಾಕಿಲ್ಲ.

ಪ್ರಶ್ನೆ: ಸರ್, ಏಳು ವರ್ಷದಿಂದ ಮನೆಯಲ್ಲೇ ಖಡಕ್ ರೊಟ್ಟಿ, ಶೇಂಗಾ ಹೋಳಿಗೆ ಮಾಡಿ ಮಾರುತ್ತೇನೆ. ಕೆಲಸಕ್ಕೆ ಮೂವರು ಹೆಣ್ಮಕ್ಕಳು ಬರ್ತಾರ. ದಿನಕ್ಕೆ ನಾಲ್ಕುನೂರು ರೊಟ್ಟಿ ಹೋಗ್ತಾವ, ಖರ್ಚೆಲ್ಲ ಕಳೆದು ದಿನಕ್ಕೆ ಐದುನೂರು ಉಳೀತದ. ರೊಟ್ಟಿ ಮಾಡೋ ಯಂತ್ರಕ್ಕೂ ಹಿಟ್ಟು ಕಲಸೋ ಯಂತ್ರಕ್ಕೂ ಸೇರಿ 4 ಲಕ್ಷ ಬೇಕು. ಬ್ಯಾಂಕಿಗೆ ಹೋದರೆ ಮನೆ ಉತಾರ ತಗೊಂಡು ಬರ್ರಿ ಅಂದರು. ಮನೆ ಮಾವನವರ ಹೆಸರಿನಾಗ ಅದ, ಅವರು ಸುತರಾಂ ಒಪ್ಪೋದಿಲ್ಲ. ಸರ್ಕಾರದ ಗ್ಯಾರಂಟಿ ಸಾಲ ನನಗೆ ಸಿಗೋದಿಲ್ಲೇನು?
— ಬಾಗಲಕೋಟೆ ಜಿಲ್ಲೆ

ಉತ್ತರ: ಅಕ್ಕಾ, ಉತಾರ, ಅಂದರೆ ಮನೆಯ ಪತ್ರ, ಟ್ರಂಕಿನಲ್ಲೇ ಇರಲಿ. ಮಾವನವರ ಜೊತೆ ಜಗಳವೂ ಬೇಡ. ಸಣ್ಣ ಉದ್ಯಮಕ್ಕೆ ಕೊಡುವ ನಿಮ್ಮಷ್ಟು ಮೊತ್ತದ ಸಾಲಕ್ಕೆ ಬ್ಯಾಂಕು ಮನೆ, ಜಮೀನು, ಸೈಟು ಅಡವು ಕೇಳುವಂತಿಲ್ಲ ಅಂತ ರಿಸರ್ವ್ ಬ್ಯಾಂಕ್ ನಿಯಮವೇ ಇದೆ. ಅದು ಬ್ಯಾಂಕ್ ಮ್ಯಾನೇಜರ್ ತೋರಿಸುವ ದಯೆ ಅಲ್ಲ. ನೀವು ಕೇಳುತ್ತಿರುವುದು ಮುದ್ರಾ ಸಾಲ. 2015ರ ಏಪ್ರಿಲ್ 8ರಂದು ಶುರುವಾದದ್ದು. 50,000ದವರೆಗೆ ಶಿಶು, ಅಲ್ಲಿಂದ 5 ಲಕ್ಷದವರೆಗೆ ಕಿಶೋರ್, 10 ಲಕ್ಷದವರೆಗೆ ತರುಣ್. ತರುಣ್ ಸಾಲ ಸರಿಯಾಗಿ ತೀರಿಸಿದವರಿಗೆ 2024ರಿಂದ 20 ಲಕ್ಷದವರೆಗೆ ತರುಣ್ ಪ್ಲಸ್ ಅಂತಲೂ ಇದೆ. ನಿಮ್ಮದು ಕಿಶೋರ್.

ಹಾಗಾದರೆ ಉತಾರ ಯಾಕೆ ಕೇಳಿದರು? ಹೆದರಿಕೆ, ಅಷ್ಟೇ. ಕೊಟ್ಟ ಸಾಲ ವಾಪಸ್ ಬರದಿದ್ದರೆ ಮೇಲಿನಿಂದ ಕೇಳುವುದು ಆ ಮ್ಯಾನೇಜರನ್ನೇ. ಆ ಹೆದರಿಕೆ ಕಮ್ಮಿ ಮಾಡೋದಕ್ಕೇ ಮುದ್ರಾ ಸಾಲಗಳ ಹಿಂದೆ ಕೇಂದ್ರ ಸರ್ಕಾರ ಒಂದು ಗ್ಯಾರಂಟಿ ನಿಧಿ ಇಟ್ಟಿದೆ, ಸಾಲ ಮುಳುಗಿದರೆ ಬ್ಯಾಂಕಿಗೆ ಆಗುವ ನಷ್ಟದಲ್ಲಿ ಒಂದು ಪಾಲು ಅಲ್ಲಿಂದ ಬರುತ್ತೆ. ಗೊತ್ತಿದ್ದರೂ ಕೆಲವರು ಉತಾರ ಕೇಳುತ್ತಾರೆ, ಕ್ಲೇಮಿನ ಕಾಗದಪತ್ರದ ಗೋಳಿಗಿಂತ ಉತಾರ ಇಟ್ಟುಕೊಂಡು ಕೂರುವುದು ಸುಲಭ ನೋಡಿ. ನಾನೂ ಹೊಸದರಲ್ಲಿ ಕೇಳಿದ್ದೇನೆ, ಸುಳ್ಳು ಯಾಕೆ ಹೇಳಲಿ.

ಹೋಗುವಾಗ ಬರಿಗೈಲಿ ಹೋಗಬೇಡಿ. ಸಣ್ಣ ಉದ್ಯಮ ಅಂತ ಸರ್ಕಾರದಲ್ಲಿ ದಾಖಲಾಗುವ ಉದ್ಯಮ್ ನೋಂದಣಿ ಮಾಡಿಸಿ, ಆಧಾರ್, ಪ್ಯಾನ್ ಮತ್ತು ಮೊಬೈಲ್ ಸಾಕು, ಒಂದು ಪೈಸೆ ಖರ್ಚಿಲ್ಲ. ಅದನ್ನು ಮಾಡಿಕೊಡ್ತೀವಿ ಅಂತ ಸಾವಿರ ಎರಡು ಸಾವಿರ ಕೇಳುವ ವೆಬ್‌ಸೈಟುಗಳಿವೆ, ವಿಳಾಸದ ಕೊನೆಯಲ್ಲಿ ಗವ್ ಡಾಟ್ ಇನ್ ಇದೆಯಾ ನೋಡಿಕೊಳ್ಳಿ. ಎಫ್‌ಎಸ್‌ಎಸ್‌ಎಐ ಎಂಬ ಆಹಾರ ಸುರಕ್ಷತಾ ನೋಂದಣಿ ಇಲ್ಲದಿದ್ದರೆ ಅದೂ ಆಗಲಿ. ಯಂತ್ರ ಮಾರುವವರಿಂದ ಜಿಎಸ್‌ಟಿ ನಂಬರ್ ಇರುವ ಕೊಟೇಶನ್. ಇನ್ನೊಂದು, ನೀವು ದಿನಾ ಎಷ್ಟು ರೊಟ್ಟಿ ಯಾರಿಗೆ ಕೊಟ್ಟಿರಿ ಅಂತ ಬರೆಯುವ ನೋಟ್‌ಬುಕ್ ಇದೆಯಲ್ಲ, ಹಿಟ್ಟಿನ ಕಲೆ ಇದ್ದರೂ ಪರವಾಗಿಲ್ಲ, ಅದನ್ನೇ ತಗೊಂಡು ಹೋಗಿ. ಸಿಎ ಕೈಲಿ ಬರೆಸಿದ ಇಪ್ಪತ್ತು ಪುಟದ ಪ್ರಾಜೆಕ್ಟ್ ರಿಪೋರ್ಟಿಗಿಂತ ಅಂಥ ಒಂದು ನೋಟ್‌ಬುಕ್ ನೋಡಿ ನಾನು ಜಾಸ್ತಿ ಸಾಲ ಕೊಟ್ಟಿದ್ದೇನೆ.

ಆದರೂ ಅಕ್ಕಾ, 4 ಲಕ್ಷ ಕೇಳುವ ಮೊದಲು ಒಂದು ಲೆಕ್ಕ ಹಾಕೋಣ. ಶೇ. 11 ಬಡ್ಡಿ, ಐದು ವರ್ಷ ಅಂದುಕೊಂಡರೆ ತಿಂಗಳ ಕಂತು ಸುಮಾರು 8,700. ನಿಮಗೆ ಈಗ ದಿನಕ್ಕೆ 500 ಉಳಿದರೆ, ತಿಂಗಳಲ್ಲಿ 26 ದಿನ ಕೆಲಸ ಅಂದರೆ 13,000. ಅದರಲ್ಲಿ 8,700 ಬ್ಯಾಂಕಿಗೆ ಹೋದರೆ ಮನೆಗೆ ಏನು ಉಳಿಯಿತು? ಯಂತ್ರ ಬಂದರೆ ರೊಟ್ಟಿ ಎರಡರಷ್ಟು ಆಗುತ್ತೆ ನಿಜ, ತಿನ್ನುವವರೂ ಎರಡರಷ್ಟು ಆಗ್ತಾರಾ? ಖಾನಾವಳಿ, ಹಾಸ್ಟೆಲು, ಬೆಂಗಳೂರಿಗೆ ಪಾರ್ಸೆಲ್, ಏನಾದರೊಂದು ದಾರಿ ಮೊದಲು ಗಟ್ಟಿ ಮಾಡಿಕೊಳ್ಳಿ. ಇಲ್ಲದಿದ್ದರೆ ಹಿಟ್ಟು ಕಲಸುವ ಯಂತ್ರವನ್ನು ಮುಂದಕ್ಕೆ ಹಾಕಿ ರೊಟ್ಟಿ ಯಂತ್ರವನ್ನಷ್ಟೇ ತಗೊಳ್ಳಿ. ಎರಡೂವರೆ ಲಕ್ಷ ಸಾಲ ಆದರೆ ಕಂತು 5,400 ಆಸುಪಾಸು ಬರುತ್ತೆ. ಇದರ ಜೊತೆ ಸಣ್ಣ ಆಹಾರ ಘಟಕಗಳಿಗೆ ಅಂತಲೇ 2020ರಲ್ಲಿ ಬಂದ ಪಿಎಂಎಫ್‌ಎಂಇ ಯೋಜನೆಯಲ್ಲಿ ಶೇ. 35 ಸಬ್ಸಿಡಿ, ಅದರ ಮೇಲೆ ನಮ್ಮ ರಾಜ್ಯದ್ದು ಹೆಚ್ಚುವರಿ ಶೇ. 15 ಇಟ್ಟಿದ್ದರು. ಈಗ ಅರ್ಜಿ ತಗೊಳ್ತಿದ್ದಾರಾ ಅಂತ ಕೃಷಿ ಇಲಾಖೆ ಕಚೇರಿಯಲ್ಲಿ ಒಮ್ಮೆ ವಿಚಾರಿಸಿ.

ಇಷ್ಟೆಲ್ಲ ತಗೊಂಡು ಹೋದ ಮೇಲೂ ಉತಾರ ಬೇಕೇ ಬೇಕು ಅಂದರೆ ಜಗಳ ಆಡಬೇಡಿ, "ಅದನ್ನೇ ಒಂದು ಹಾಳ್ಯಾಗ ಬರೆದು ಕೊಡ್ರಿ ಸರ" ಅನ್ನಿ. ಅರ್ಜಿಗೆ ಸ್ವೀಕೃತಿ ಕೊಡುವುದು, ಸಾಲ ಇಲ್ಲ ಅಂದರೆ ಕಾರಣ ಬರೆದು ಕೊಡುವುದು ಬ್ಯಾಂಕಿನ ಕರ್ತವ್ಯ. ಈ ಒಂದು ಮಾತಿಗೆ ಅರ್ಧ ಕೆಲಸ ಆಗುತ್ತೆ. ಆಗದಿದ್ದರೆ ಬ್ಯಾಂಕಿಗೇ ಲಿಖಿತ ದೂರು ಕೊಡಿ, 30 ದಿನ ಕಾದು ನೋಡಿ, ಆಮೇಲೆ ಬ್ಯಾಂಕುಗಳ ಮೇಲಿನ ದೂರು ಕೇಳುವ ಆರ್‌ಬಿಐ ಒಂಬುಡ್ಸ್‌ಮನ್. ಅದಕ್ಕೆ ಶುಲ್ಕ ಇಲ್ಲ, ವಿಚಾರಿಸಲು 14448ಕ್ಕೆ ಫೋನ್ ಮಾಡಬಹುದು.

ಪ್ರಶ್ನೆ: ಪೀಣ್ಯದಲ್ಲಿ ಸಣ್ಣ ವರ್ಕ್‌ಶಾಪ್ ಇಟ್ಟಿದ್ದೇನೆ. ಎರಡು ಲೇತ್ ಇದ್ದವು, ಸಿಎನ್‌ಸಿ ಮೆಷಿನ್‌ಗೆ ಅಂತ 35 ಲಕ್ಷ ಸಾಲ ತಗೊಂಡೆ. ಸಿಜಿಟಿಎಂಎಸ್‌ಇ ಕವರ್ ಇದೆ, ಅಡಮಾನ ಬೇಡ ಅಂದರು, ಅದಕ್ಕೆ ಫೀಯನ್ನೂ ನನ್ನ ಖಾತೆಯಿಂದಲೇ ಹಿಡಿದರು. ಅಡಮಾನ ಬೇಡ ಅಂದವರು ಮೆಷಿನ್ ಮೇಲೆ ಬ್ಯಾಂಕಿನ ಹೆಸರು ಯಾಕೆ ಬರೆಸಿದರು? ಈಗ ಆರ್ಡರ್ ಕಮ್ಮಿಯಾಗಿ ಎರಡು ಕಂತು ಬಾಕಿ ಬಿದ್ದಿದೆ. ಫೀ ಕಟ್ಟಿರೋದು ನಾನು. ಹಾಗಾದರೆ ನನ್ನ ಕೈಲಿ ಆಗದಿದ್ದಾಗ ಆ ಟ್ರಸ್ಟ್‌ನವರು ಕಟ್ಟುತ್ತಾರೆ ಅಲ್ವಾ ಸಾರ್?
— ಬೆಂಗಳೂರು

ಉತ್ತರ: ಇಲ್ಲ ಸ್ವಾಮಿ, ನಿಮ್ಮ ಪರವಾಗಿ ಯಾರೂ ಕಟ್ಟುವುದಿಲ್ಲ. ಇದನ್ನು ಸಾಲ ಕೊಡುವ ದಿನವೇ ನಿಮ್ಮನ್ನು ಕೂರಿಸಿಕೊಂಡು ಹೇಳಬೇಕಿತ್ತು. ಯಾರೂ ಹೇಳುವುದಿಲ್ಲ, ಮೂವತ್ತು ಕಡೆ ಸಹಿ ಹಾಕಿಸುವ ಗಡಿಬಿಡಿಯಲ್ಲಿ ಎಲ್ಲರೂ ಇರುತ್ತಾರೆ.

ಸಿಜಿಟಿಎಂಎಸ್‌ಇ ಅನ್ನೋದು 2000ನೇ ಇಸವಿಯಲ್ಲಿ ಕೇಂದ್ರ ಸರ್ಕಾರ ಮತ್ತು ಸಣ್ಣ ಉದ್ಯಮಗಳ ಬ್ಯಾಂಕಾದ ಸಿಡ್ಬಿ ಸೇರಿ ಹುಟ್ಟುಹಾಕಿದ ಟ್ರಸ್ಟ್. ಸರ್ಕಾರದ್ದು ನಾಲ್ಕು ಪಾಲು, ಸಿಡ್ಬಿಯದು ಒಂದು ಪಾಲು ಬಂಡವಾಳ. ಅದು ಸಾಲ ಕೊಡುವುದಿಲ್ಲ, ಬ್ಯಾಂಕ್ ಕೊಟ್ಟ ಸಾಲಕ್ಕೆ ಜಾಮೀನು ನಿಲ್ಲುತ್ತೆ. ಒಂದು ಕಾಲಕ್ಕೆ 1 ಕೋಟಿವರೆಗಿತ್ತು, ಆಮೇಲೆ 2 ಕೋಟಿ, 2023ರಲ್ಲಿ 5 ಕೋಟಿ, 2025ರ ಏಪ್ರಿಲ್‌ನಿಂದ 10 ಕೋಟಿವರೆಗಿನ ಸಾಲಕ್ಕೂ ನಿಲ್ಲುತ್ತೆ. ಜಾಮೀನು ನಿಲ್ಲುವುದು ಬ್ಯಾಂಕಿನ ನಷ್ಟಕ್ಕೆ. ಊರಲ್ಲಿ ನಿಮ್ಮ ಸಾಲಕ್ಕೆ ಭಾವಮೈದ ಜಾಮೀನು ನಿಂತು ಅವನೇ ದುಡ್ಡು ಕಟ್ಟಬೇಕಾಗಿ ಬಂದರೆ, ಆಮೇಲೆ ಅವನು ನಿಮ್ಮನ್ನು ಸುಮ್ನೆ ಬಿಡ್ತಾನಾ? ಇಲ್ಲೂ ಹಾಗೇ.

ಲೆಕ್ಕದಲ್ಲೇ ನೋಡಿ. ನಿಮ್ಮ ಬಾಕಿ 28 ಲಕ್ಷ ಇರುವಾಗ ಸಾಲ ಮುಳುಗಿತು ಅಂತಿಟ್ಟುಕೊಳ್ಳಿ. ನಿಮ್ಮಷ್ಟು ದೊಡ್ಡ ಸಾಲಕ್ಕೆ ಸಾಮಾನ್ಯವಾಗಿ ಕವರ್ ಶೇ. 75, ಅಂದರೆ 21 ಲಕ್ಷ. ಅದೂ ತಕ್ಷಣ ಸಿಗುವುದಿಲ್ಲ. ಗ್ಯಾರಂಟಿ ಶುರುವಾಗಿ 18 ತಿಂಗಳಾದರೂ ಕಳೆದಿರಬೇಕು, ಖಾತೆ ಎನ್‌ಪಿಎ, ಅಂದರೆ ಕೆಟ್ಟ ಸಾಲ, ಆಗಿರಬೇಕು, ಬ್ಯಾಂಕು ನಿಮ್ಮ ಮೇಲೆ ಕಾನೂನು ಕ್ರಮ ಶುರು ಮಾಡಿರಬೇಕು. ಅದನ್ನು ಇನ್ನೊಮ್ಮೆ ಓದಿ: ಟ್ರಸ್ಟಿನಿಂದ ದುಡ್ಡು ಕೇಳಬೇಕಾದರೆ ಬ್ಯಾಂಕು ಮೊದಲು ನಿಮ್ಮ ಮೇಲೆ ಹೋಗಬೇಕು. ಆಗ 21 ಲಕ್ಷದ ಮುಕ್ಕಾಲು, 15.75 ಲಕ್ಷ ಬರುತ್ತೆ, ಉಳಿದ 5.25 ಲಕ್ಷ ವಸೂಲಿ ವ್ಯವಹಾರವೆಲ್ಲ ಮುಗಿದ ಮೇಲೆ. ಇಷ್ಟಾದರೂ ನಿಮ್ಮ ಲೆಡ್ಜರಿನಲ್ಲಿ 28 ಲಕ್ಷ ಹಾಗೇ ನಿಂತಿರುತ್ತೆ, ಬಡ್ಡಿ ಬೇರೆ. ನಿಮ್ಮಿಂದ ಆಮೇಲೆ ವಸೂಲಾದದ್ದರಲ್ಲಿ ಟ್ರಸ್ಟಿಗೂ ಪಾಲು ಹೋಗುತ್ತೆ. ಯಾರು ಸಾಲ ಹೇಗೆ ತೀರಿಸಿದರು ಅಂತ ದಾಖಲೆ ಇಡುವ ಸಿಬಿಲ್ ಕಥೆ ಹೇಳುವುದೇ ಬೇಡ.

ಹಾಗಾದರೆ ಫೀ ನಾನ್ಯಾಕೆ ಕಟ್ಟಲಿ ಅಂತ ಸಿಟ್ಟು ಬರುವುದು ನ್ಯಾಯವೇ. ನಿಮ್ಮ ಮೊತ್ತಕ್ಕೆ ಮೂಲ ದರ ವರ್ಷಕ್ಕೆ ಶೇ. 0.55, ಮೊದಲ ವರ್ಷ 19,250 ರೂಪಾಯಿ, ಮೇಲೆ ಜಿಎಸ್‌ಟಿ. ಮುಂದಿನ ವರ್ಷಗಳಲ್ಲಿ ಬಾಕಿ ಇಳಿದ ಹಾಗೆ ಅದೂ ಇಳಿಯುತ್ತೆ. ಅದನ್ನು ನಿಮ್ಮ ಮೇಲೆ ಹಾಕುವ ಅವಕಾಶ ಬ್ಯಾಂಕಿಗೆ ಇದೆ. ಪೀಣ್ಯದಲ್ಲಿ ಬಾಡಿಗೆ ಶೆಡ್ಡಿನಲ್ಲಿ ಕೂತವರಿಗೆ ಸೈಟಿನ ಪತ್ರ ಇಡದೆ 35 ಲಕ್ಷ ಸಿಕ್ಕಿತಲ್ಲ, ಆ ಫೀ ಅದಕ್ಕೆ ಕೊಟ್ಟ ಬೆಲೆ.

ಮೆಷಿನ್ ಮೇಲಿನ ಬರಹದ ವಿಷಯ. ಸಾಲದ ದುಡ್ಡಲ್ಲಿ ಕೊಂಡ ಮೆಷಿನ್, ಸ್ಟಾಕ್, ಇವು ಬ್ಯಾಂಕಿಗೆ ಹೈಪೋಥಿಕೇಟ್ ಆಗಿಯೇ ಇರುತ್ತವೆ, ಅಂದರೆ ನಿಮ್ಮ ಕೈಯಲ್ಲೇ ಇದ್ದರೂ ಸಾಲಕ್ಕೆ ಭದ್ರತೆ, ಅದು ಎಲ್ಲ ಸಾಲಕ್ಕೂ ಇರುವಂಥದ್ದು. ಅಡಮಾನ ಬೇಡ ಅಂದರೆ ಅದರಾಚೆಗೆ ಮನೆ, ಜಮೀನು, ಮೂರನೆಯವರ ಜಾಮೀನು ಬೇಡ ಅಂತ ಅರ್ಥ. ಹಾಗಾಗಿ ಬ್ಯಾಂಕಿಗೆ ಹೇಳದೆ ಆ ಮೆಷಿನ್ ಮಾರಲು ಹೋಗಬೇಡಿ, ಅದು ಕ್ರಿಮಿನಲ್ ಕೇಸಿನ ತನಕ ಹೋಗಬಹುದು. ನನ್ನ ಕಾಲದಲ್ಲಿ ಒಬ್ಬರು ಬ್ಯಾಂಕಿನ ಹೆಸರಿನ ಮೇಲೆ ನೀಟಾಗಿ ಹಸಿರು ಪೇಂಟ್ ಬಳಿದು ಮೆಷಿನ್ ಮಾರಿದ್ದರು. ಕೊಂಡವನು ಒರೆಸುವಾಗ ಅಕ್ಷರ ಒಂದೊಂದೇ ಎದ್ದು ಬಂದವು.

ಈಗ ಮಾಡಬೇಕಾದ್ದು ಹೇಳುತ್ತೇನೆ. ಎರಡು ಕಂತು ಬಾಕಿ ಅಂದಿರಿ, 90 ದಿನ ದಾಟಿದರೆ ಎನ್‌ಪಿಎ, ಆಮೇಲೆ ಬಾಗಿಲುಗಳೆಲ್ಲ ಕಿರಿದಾಗುತ್ತವೆ. ಈ ವಾರವೇ ಶಾಖೆಗೆ ಹೋಗಿ. ಫೋನ್ ಎತ್ತದೆ ತಲೆ ಮರೆಸಿಕೊಂಡವರ ಬಗ್ಗೆ ಮ್ಯಾನೇಜರಿಗೆ ಬರುವ ಅನುಮಾನ, ಎದುರಿಗೆ ಬಂದು ಕೂತವರ ಮೇಲೆ ಬರುವುದಿಲ್ಲ. ಕಷ್ಟದಲ್ಲಿರುವ ಸಣ್ಣ, ಮಧ್ಯಮ ಉದ್ಯಮಗಳ (ಎಂಎಸ್‌ಎಂಇ) ಖಾತೆಗಳನ್ನು ಎನ್‌ಪಿಎ ಆಗುವ ಮೊದಲೇ ಗುರುತಿಸಿ, ಕಂತು ಮರುಹೊಂದಿಸಿ ಸರಿಪಡಿಸಲು ಆರ್‌ಬಿಐ ಮಾಡಿದ ಒಂದು ಪದ್ಧತಿ ಇದೆ, 25 ಕೋಟಿವರೆಗಿನ ಸಾಲಕ್ಕೆ ಅನ್ವಯ, ಸಾಲಗಾರ ತಾನಾಗಿಯೇ ಅರ್ಜಿ ಕೊಡಬಹುದು. ಬಾಯಿಮಾತಲ್ಲಿ ಕೇಳಬೇಡಿ, ಆರ್ಡರ್ ಯಾಕೆ ಇಳಿಯಿತು, ಯಾವಾಗ ಏರಬಹುದು ಅಂತ ಒಂದು ಪುಟ ಬರೆದು ಸೀಲ್ ಹಾಕಿಸಿಕೊಂಡು ಬನ್ನಿ. ದೊಡ್ಡ ಕಂಪನಿಗಳಿಂದ ನಿಮಗೆ ಬರಬೇಕಾದ ಬಾಕಿ ಏನಾದರೂ ಇದೆಯಾ? ಕಾನೂನಿನ ಪ್ರಕಾರ ಅವರು ಹೆಚ್ಚೆಂದರೆ 45 ದಿನದೊಳಗೆ ಕೊಡಬೇಕು. ಕೇಂದ್ರದ ಎಂಎಸ್‌ಎಂಇ ಸಚಿವಾಲಯದ ಪೋರ್ಟಲ್‌ನಲ್ಲಿ ದೂರು ಹಾಕಬಹುದು. ಹಾಕಿದರೆ ಮುಂದೆ ಆರ್ಡರ್ ಕೊಡಲ್ಲ ಅನ್ನುವ ಭಯ ನನಗೂ ಗೊತ್ತು, ಆ ತೀರ್ಮಾನ ನಿಮ್ಮದು.

ಪ್ರಶ್ನೆ: ವಾಟ್ಸಾಪ್‌ನಲ್ಲಿ ಮುದ್ರಾ ಸಾಲ 5 ಲಕ್ಷ ಮಂಜೂರು ಅಂತ ಪತ್ರ ಬಂದಿದೆ. ಅಶೋಕ ಸ್ತಂಭ, ಸೀಲು, ಸಹಿ ಎಲ್ಲ ಇದೆ. 2,150 ರೂಪಾಯಿ ವಿಮೆ ಶುಲ್ಕ ಕಟ್ಟಿದರೆ ಎರಡು ಗಂಟೆಯಲ್ಲಿ ಹಣ ಅಂತ ಹೇಳ್ತಾರೆ. ಕಟ್ಟಲೇ?
— ಕೋಲಾರ

ಉತ್ತರ: ಕಟ್ಟಬೇಡಿ. ಮೋಸ. ಅರ್ಜಿಯನ್ನೇ ಹಾಕದ ಸಾಲ ಮಂಜೂರಾಗುವುದು ಕನಸಲ್ಲಿ ಮಾತ್ರ. ಮುದ್ರಾ ಸಂಸ್ಥೆ ಜನರಿಗೆ ನೇರವಾಗಿ ಸಾಲ ಕೊಡುವುದೇ ಇಲ್ಲ, ಕೊಡುವುದು ಬ್ಯಾಂಕು, ಫೈನಾನ್ಸ್ ಕಂಪನಿಗಳು. ಅದಕ್ಕೆ ಏಜೆಂಟರನ್ನೂ ನೇಮಿಸಿಲ್ಲ. ಇಂಥ ಪತ್ರಗಳು ನಕಲಿ ಅಂತ ಸರ್ಕಾರದ ವಾರ್ತಾ ಸಂಸ್ಥೆ ಪಿಐಬಿ ಹಲವು ಸಲ ಹೇಳಿದೆ. ಈಗಾಗಲೇ ಕಟ್ಟಿಬಿಟ್ಟಿದ್ದರೆ ಪತ್ರ ಓದುವುದು ನಿಲ್ಲಿಸಿ ಮೊದಲು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ಪ್ರಶ್ನೆ: ತುಮಕೂರಿನಲ್ಲಿ ಕಾಂಡಿಮೆಂಟ್ಸ್ ಅಂಗಡಿ. 2025ರ ಜುಲೈನಲ್ಲಿ ಯುಪಿಐ ನೋಡಿ ಜಿಎಸ್‌ಟಿ ನೋಟಿಸ್ ಕೊಡ್ತಿದ್ದಾರೆ ಅಂತ ಗಲಾಟೆ ಆಯ್ತಲ್ಲ, ಆಗ ನಾನೂ ಕ್ಯೂಆರ್ ಕೋಡ್ ಕಿತ್ತು ಒಳಗಿಟ್ಟೆ. ನನಗೆ ನೋಟಿಸ್ ಬಂದಿರಲಿಲ್ಲ. ಈಗ ಮಾಲು ತುಂಬಲು 6 ಲಕ್ಷದ ಓಡಿ (ಓವರ್‌ಡ್ರಾಫ್ಟ್) ಕೇಳಿದರೆ, ಖಾತೆಯಲ್ಲಿ ವ್ಯವಹಾರವೇ ಇಲ್ಲ, ಏನು ನೋಡಿ ಕೊಡಲಿ ಅಂತಾರೆ. ಗ್ಯಾರಂಟಿ ಇರುವಾಗ ಇದೆಲ್ಲ ಯಾಕೆ ಬೇಕು?
— ತುಮಕೂರು

ಉತ್ತರ: ಗ್ಯಾರಂಟಿ ಇದೆ ಅಂತ ಕಣ್ಣು ಮುಚ್ಚಿ ಕೊಡುವುದಕ್ಕೆ ಆಗಲ್ಲ ಅಣ್ಣಾ. ಮುಳುಗಿದ ಸಾಲದಲ್ಲಿ ಬ್ಯಾಂಕಿನ ಪಾಲೂ ಮುಳುಗುತ್ತೆ. ಸರಿಯಾಗಿ ವಿಚಾರಿಸದೆ ಕೊಟ್ಟ ಸಾಲ ಅಂತ ಕಂಡರೆ ಕ್ಲೇಮೂ ವಾಪಸ್ ಬರಬಹುದು.

ಮಾಲಿಗೆ ಕೊಡುವ ಸಾಲಕ್ಕೆ ಬ್ಯಾಂಕುಗಳು ಬಹಳ ಹಳೆಯ ಒಂದು ಲೆಕ್ಕ ಬಳಸುತ್ತವೆ, ನಾಯಕ್ ಸಮಿತಿ ಲೆಕ್ಕ ಅಂತ ಹೆಸರು. ವರ್ಷದ ವಹಿವಾಟು ಎಷ್ಟೋ ಅದರ ಶೇ. 25 ದುಡ್ಡು ಮಾಲಿನಲ್ಲಿ, ಉದ್ರಿಯಲ್ಲಿ ಸಿಕ್ಕಿಕೊಂಡಿರುತ್ತೆ ಅಂತ ಅಂದಾಜು. ಅದರಲ್ಲಿ ಶೇ. 5 ನಿಮ್ಮದು, ಶೇ. 20 ಬ್ಯಾಂಕಿನದು. ನಿಮಗೆ 6 ಲಕ್ಷ ಬೇಕು ಅಂದರೆ ವರ್ಷಕ್ಕೆ 30 ಲಕ್ಷ ವಹಿವಾಟು ತೋರಿಸಬೇಕು. ನಿಮ್ಮ ಅಂಗಡಿಯಲ್ಲಿ ಅಷ್ಟು ಆಗುತ್ತೋ ಏನೋ, ಆದರೆ ಕಾಗದದ ಮೇಲೆ ಇಲ್ಲ. ನಗದು ಗಲ್ಲಾಪೆಟ್ಟಿಗೆಯಿಂದ ನೇರ ಹೋಲ್‌ಸೇಲ್ ಅಂಗಡಿಗೆ ಹೋಯಿತು, ಬ್ಯಾಂಕಿನ ಮುಖವನ್ನೇ ನೋಡಲಿಲ್ಲ.

ತೆರಿಗೆಯವರ ಮುಂದೆ ವ್ಯಾಪಾರವೇ ಇಲ್ಲ, ಬ್ಯಾಂಕಿನವರ ಮುಂದೆ ವ್ಯಾಪಾರವೋ ವ್ಯಾಪಾರ, ಎರಡೂ ಒಟ್ಟಿಗೆ ನಡೆಯಲ್ಲ. ಸರಕು ಮಾರುವವರಿಗೆ ಜಿಎಸ್‌ಟಿ ನೋಂದಣಿ ಕಡ್ಡಾಯ ಆಗುವುದು ವರ್ಷಕ್ಕೆ 40 ಲಕ್ಷ ದಾಟಿದಾಗ. ಒಂದು ಎಚ್ಚರ, ಅಂಗಡಿಯಲ್ಲಿ ಟೀ, ತಿಂಡಿಯನ್ನೂ ಮಾಡಿ ಕೊಡ್ತಿದ್ದರೆ ಈ ಮಿತಿಯನ್ನು ಲೆಕ್ಕಿಗರ ಹತ್ತಿರ ಕೇಳಿ ಖಚಿತ ಮಾಡಿಕೊಳ್ಳಿ. ಕ್ಯೂಆರ್ ಕೋಡ್ ಮತ್ತೆ ಹೊರಗಿಡಿ, ಅದು ವ್ಯಾಪಾರದ ಚಾಲ್ತಿ ಖಾತೆಗೇ ಬರಲಿ, ಹೆಂಡತಿ ಖಾತೆ ಮಗನ ಖಾತೆ ಅಂತ ಹಂಚಬೇಡಿ. ದಿನದ ನಗದನ್ನೂ ಖಾತೆಗೆ ಕಟ್ಟಿ, ಹೋಲ್‌ಸೇಲಿನವರಿಗೆ ಅಲ್ಲಿಂದಲೇ ಕೊಡಿ. ಆದಾಯ ತೆರಿಗೆ ರಿಟರ್ನ್ ಹಾಕಿ, ತೆರಿಗೆ ಸೊನ್ನೆ ಬಂದರೂ ಹಾಕಿ. ಆರರಿಂದ ಹನ್ನೆರಡು ತಿಂಗಳು ಹೀಗೆ ನಡೆಸಿ ಹೋದರೆ ಅದೇ ಮ್ಯಾನೇಜರ್ ಕುರ್ಚಿ ಎಳೆದು ಕೂರಿಸುತ್ತಾರೆ. ಅಷ್ಟರತನಕ ಖಾತೆಯಲ್ಲಿ ಕಾಣುವಷ್ಟಕ್ಕೆ ಸಣ್ಣದಾಗಿ, ಒಂದು ಒಂದೂವರೆ ಲಕ್ಷದ ಮುದ್ರಾ ಕೇಳಿ ನೋಡಿ. ಹಿಂದೆ ಚಿಲ್ಲರೆ ಅಂಗಡಿಗಳಿಗೆ ಸಿಜಿಟಿಎಂಎಸ್‌ಇ ಕವರ್ ಇರಲಿಲ್ಲ, 2018ರಿಂದ ಇದೆ. ಹಾಗಾಗಿ ಅಂಗಡಿಗೆ ಗ್ಯಾರಂಟಿ ಬರಲ್ಲ ಅಂತ ಯಾರಾದರೂ ಅಂದರೆ ಅದು ಹಳೇ ಮಾತು.

ಪ್ರಶ್ನೆ: ನಮ್ಮೂರು ತೀರ್ಥಹಳ್ಳಿ ಹತ್ತಿರದ ಹಳ್ಳಿ. ಅಡಿಕೆ ಹಾಳೆ ತಟ್ಟೆ ಮಾಡುವ ಘಟಕ ಹಾಕೋಣ ಅಂತಿದ್ದೇನೆ, 10 ಲಕ್ಷದ ಯೋಜನೆ. ನಾನು ಹಿಂದುಳಿದ ವರ್ಗ. ಹೊಸ ಉದ್ಯಮಕ್ಕೆ ಅಂತ ಕೇಂದ್ರದ ಪಿಎಂಇಜಿಪಿ ಯೋಜನೆಯಲ್ಲಿ ಮೂರೂವರೆ ಲಕ್ಷ ಸಬ್ಸಿಡಿ ಕೈಗೆ ಬರುತ್ತೆ, ಅದರಲ್ಲೇ ಒಂದು ಸೆಕೆಂಡ್ ಹ್ಯಾಂಡ್ ಪಿಕಪ್ ತಗೊಳ್ಳಬಹುದು ಅಂತ ಪರಿಚಯದವರು ಹೇಳಿದರು. ಮೆಷಿನ್‌ನವರು ಆಫರ್ ಇದೆ, ಈಗಲೇ ಅಡ್ವಾನ್ಸ್ ಕೊಡಿ ಅಂತಿದ್ದಾರೆ. ಕೊಡಲಾ?
— ಶಿವಮೊಗ್ಗ ಜಿಲ್ಲೆ

ಉತ್ತರ: ಅಡ್ವಾನ್ಸ್ ಈಗ ಬೇಡ ತಮ್ಮಾ. ಪಿಎಂಇಜಿಪಿಯ ಈ ಸಬ್ಸಿಡಿ ಹೊಸ ಘಟಕಗಳಿಗೆ ಮಾತ್ರ. ಸಾಲ ಮಂಜೂರಾಗುವ ಮೊದಲೇ ಮೆಷಿನ್ ತಂದು ಶುರು ಮಾಡಿಬಿಟ್ಟರೆ ಹಳೇ ಘಟಕ ಅಂತ ಅರ್ಜಿ ಬಿದ್ದುಹೋಗುತ್ತೆ.

ಸಬ್ಸಿಡಿ ಕೈಗೆ ಬರುತ್ತೆ ಅಂದವರು ಪೂರ್ತಿ ತಿಳಿದುಕೊಂಡಿಲ್ಲ. ಹಳ್ಳಿಯಲ್ಲಿ, ನಿಮ್ಮ ವರ್ಗಕ್ಕೆ ಶೇ. 35 ಸಬ್ಸಿಡಿ ನಿಜ. ನಿಮ್ಮ ಕೈಯಿಂದ ಶೇ. 5, ಅಂದರೆ 50,000. ಬ್ಯಾಂಕು 9.5 ಲಕ್ಷ ಕೊಡುತ್ತೆ. ಸಬ್ಸಿಡಿಯ 3.5 ಲಕ್ಷ ಬಂದ ಮೇಲೆ ಬ್ಯಾಂಕು ಅದನ್ನು ನಿಮ್ಮ ಹೆಸರಲ್ಲಿ ಠೇವಣಿ ಇಟ್ಟುಕೊಳ್ಳುತ್ತೆ, ಮೂರು ವರ್ಷ. ಆ ಠೇವಣಿಗೆ ಬಡ್ಡಿ ಕೊಡಲ್ಲ, ಸಾಲದ ಅಷ್ಟು ಭಾಗಕ್ಕೆ ನಿಮ್ಮಿಂದ ಬಡ್ಡಿ ತಗೊಳ್ಳಲ್ಲ. ಮೂರು ವರ್ಷ ಘಟಕ ನಡೆದಿದೆ ಅಂತ ಪರಿಶೀಲನೆ ಆದ ಮೇಲೆ ಅದು ಸಾಲಕ್ಕೆ ಜಮಾ. ಪಿಕಪ್‌ಗೆ ಅದರಲ್ಲಿ ಒಂದು ಟೈರೂ ಬರಲ್ಲ. ನಿಜವಾದ ಸಾಲ 6 ಲಕ್ಷ ಅಂತ ಲೆಕ್ಕ ಹಾಕಿ, ಆದರೆ ನಡುವೆ ಬಾಗಿಲು ಹಾಕಿದರೆ ಸಬ್ಸಿಡಿ ವಾಪಸ್ ಹೋಗಿ ಪೂರ್ತಿ ಸಾಲ ತಲೆ ಮೇಲೆ ಬರುತ್ತೆ ಅನ್ನುವುದೂ ಲೆಕ್ಕದಲ್ಲಿರಲಿ.

ಅರ್ಜಿ ಆನ್‌ಲೈನ್. ಶಿವಮೊಗ್ಗದ ಜಿಲ್ಲಾ ಕೈಗಾರಿಕಾ ಕೇಂದ್ರಕ್ಕೆ ಒಮ್ಮೆ ಖುದ್ದಾಗಿ ಹೋಗಿ, ಈ ವರ್ಷದ ಗುರಿಯಲ್ಲಿ ಎಷ್ಟು ಬಾಕಿ ಇದೆ ಕೇಳಿ, ಗುರಿ ಮುಗಿದ ಮೇಲೆ ಹಾಕಿದ ಅರ್ಜಿ ಕೊಳೆಯುತ್ತೆ. ತರಬೇತಿ ಬೇಕೇ ಬೇಕು. ಉಜಿರೆಯಲ್ಲಿ 1982ರಲ್ಲಿ ಶುರುವಾದ ರುಡ್‌ಸೆಟ್ ಮಾದರಿಯಲ್ಲೇ ಈಗ ಜಿಲ್ಲೆಗೊಂದು ಆರ್‌ಸೆಟಿ ಎಂಬ ಸ್ವಉದ್ಯೋಗ ತರಬೇತಿ ಸಂಸ್ಥೆ ಇದೆ, ಊಟ ವಸತಿ ಸೇರಿ ಉಚಿತ. ಅಲ್ಲಿ ಕಲಿತು ಬಂದವರ ಅರ್ಜಿಯನ್ನು ಬ್ಯಾಂಕಿನವರು ಸ್ವಲ್ಪ ಬೇರೆ ಕಣ್ಣಿಂದ ನೋಡುತ್ತಾರೆ.

ನೀವು ಕೇಳದ ಒಂದು ಮಾತು ಹೇಳಿಬಿಡುತ್ತೇನೆ. ಅಡಿಕೆ ಹಾಳೆ ತಟ್ಟೆಗೆ ವಿದೇಶದಲ್ಲಿ ಭಾರಿ ಬೇಡಿಕೆ ಅಂತ ಮೆಷಿನ್ ಮಾರುವವರು ಹೇಳಿರಬೇಕಲ್ಲ? 2025ರಲ್ಲಿ ಅಮೆರಿಕದ ಆಹಾರ, ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಈ ತಟ್ಟೆಗಳು ಊಟಕ್ಕೆ ಬಳಸಲು ಸುರಕ್ಷಿತವಲ್ಲ ಅಂತ ಹೇಳಿ ಆಮದಿಗೆ ತಡೆ ಹಾಕಿತು. ರಫ್ತು ನಂಬಿಕೊಂಡಿದ್ದವರಿಗೆ ದೊಡ್ಡ ಪೆಟ್ಟು. ನಮ್ಮ ಮದುವೆ ಮನೆ, ಗೃಹಪ್ರವೇಶಕ್ಕೆ ಎಷ್ಟು ಹೋಗುತ್ತೆ, ಹಾಳೆ ಮಳೆಗಾಲದಲ್ಲಿ ಎಲ್ಲಿಂದ ತರುತ್ತೀರಿ, ಈ ಎರಡಕ್ಕೆ ಉತ್ತರ ಸಿಕ್ಕ ಮೇಲೆ ಮುಂದುವರಿಯಿರಿ.

ಪ್ರಶ್ನೆ: ಇಡ್ಲಿ ಗಾಡಿ ಇದೆ. ಸ್ವನಿಧಿಯಲ್ಲಿ 10,000 ತಗೊಂಡು ತೀರಿಸಿದ್ದೇನೆ. ಮುಂದೆ ಕೊಡ್ತಾರಾ?
— ಮೈಸೂರು

ಉತ್ತರ: ಕೊಡ್ತಾರೆ. 2020ರಲ್ಲಿ ಬೀದಿ ವ್ಯಾಪಾರಿಗಳಿಗೆ ಅಂತ ಶುರುವಾದಾಗ 10, 20, 50 ಸಾವಿರ ಅಂತಿತ್ತು, 2025ರ ಆಗಸ್ಟ್‌ನಲ್ಲಿ ಅದನ್ನು 15, 25, 50 ಸಾವಿರ ಮಾಡಿ 2030ರ ಮಾರ್ಚ್‌ವರೆಗೆ ಮುಂದುವರಿಸಿದ್ದಾರೆ. ನಿಮಗೆ ಮುಂದೆ ಸಿಗುವುದು ಎರಡನೇ ಹಂತದ ಸಾಲ. ಸರಿಯಾಗಿ ಕಟ್ಟಿದರೆ ಶೇ. 7 ಬಡ್ಡಿ ಸಹಾಯಧನ ನಿಮ್ಮ ಖಾತೆಗೇ ಬರುತ್ತೆ. ಬೆಳಗ್ಗೆ 900 ಕೊಟ್ಟು ಸಂಜೆ 1,000 ಎಣಿಸಿಕೊಳ್ಳುವ ಮೀಟರ್ ಬಡ್ಡಿಯವರ ಸಹವಾಸ ಬಿಟ್ಟಿದ್ದೀರಿ ಅಂತ ಅಂದುಕೊಳ್ಳುತ್ತೇನೆ.

ಪ್ರಶ್ನೆ: ನನ್ನ ಯಜಮಾನರು ಮೊಬೈಲ್ ರಿಪೇರಿ ಅಂಗಡಿಗೆ ಅಂತ ಮುದ್ರಾ ಸಾಲ ಮಾಡಿದ್ದರು. ನಾಲ್ಕು ತಿಂಗಳ ಹಿಂದೆ ಹೃದಯಾಘಾತದಿಂದ ತೀರಿಕೊಂಡರು. 2.80 ಲಕ್ಷ ಬಾಕಿ ಇದೆಯಂತೆ. ಬ್ಯಾಂಕಿನಿಂದ ಒಬ್ಬರು ಬಂದು, ಸಾಲ ನಿಮ್ಮ ಹೆಸರಿಗೆ ಮಾಡಿಕೊಳ್ಳಿ, ಇಲ್ಲಿ ಸಹಿ ಹಾಕಿ ಅಂತಿದ್ದಾರೆ. ನಾನು ಯಾವ ಕಾಗದಕ್ಕೂ ಸಹಿ ಹಾಕಿದ ನೆನಪಿಲ್ಲ. ನನಗೆ ಕೆಲಸ ಇಲ್ಲ, ಇಬ್ಬರು ಮಕ್ಕಳು. ಸರ್ಕಾರದ ಗ್ಯಾರಂಟಿ ಇತ್ತಲ್ವಾ?
— ಹಾಸನ ಜಿಲ್ಲೆ

ಉತ್ತರ: ಅಮ್ಮಾ, ಆ ಕಾಗದಕ್ಕೆ ಈಗ ಸಹಿ ಹಾಕಬೇಡಿ. ಹಾಕಿದ ದಿನದಿಂದ ಅದು ನಿಮ್ಮ ಸ್ವಂತ ಸಾಲ ಆಗುತ್ತೆ. "ಓದಿಸಿಕೊಂಡು ಹೇಳ್ತೀನಿ, ಒಂದು ಪ್ರತಿ ಕೊಡಿ" ಅಂದು ಕಳಿಸಿ. ಬೆಳಗ್ಗೆ 8ಕ್ಕೆ ಮೊದಲು, ಸಂಜೆ 7ರ ಮೇಲೆ ವಸೂಲಿಗೆ ಫೋನ್ ಮಾಡುವಂತಿಲ್ಲ, ಅದೂ ನೆನಪಿರಲಿ.

ಮೊದಲು ಶಾಖೆಗೆ ಹೋಗಿ ಮೂಲ ಸಾಲದ ಪತ್ರಗಳಲ್ಲಿ ನೀವು ಸಹಸಾಲಗಾರರಾಗಿಯೋ ಜಾಮೀನುದಾರರಾಗಿಯೋ ಸಹಿ ಹಾಕಿದ್ದೀರಾ ಅಂತ ತೋರಿಸಲು ಹೇಳಿ. ಹಾಕಿದ್ದರೆ ಸಾಲ ನಿಮಗೂ ಅಂಟಿಕೊಂಡಿದೆ, ಆಗ ಕಂತು ಇಳಿಸಿಕೊಡಿ ಅಂತ ಕೇಳುವುದು ದಾರಿ. ಹಾಕಿಲ್ಲದಿದ್ದರೆ ನಿಮ್ಮ ಹೊಣೆ ಯಜಮಾನರಿಂದ ನಿಮಗೆ, ಮಕ್ಕಳಿಗೆ ಬಂದ ಆಸ್ತಿಯ ಮಟ್ಟಿಗೆ ಮಾತ್ರ. ಅದರಾಚೆ ನಿಮ್ಮ ತವರಿನ ಒಡವೆಯನ್ನೋ, ನಾಳೆ ನೀವು ದುಡಿಯುವುದನ್ನೋ ಕೇಳಲು ಬರಲ್ಲ. ಅಂಗಡಿಯಲ್ಲಿರುವ ಮಾಲು, ಉಪಕರಣ ಬ್ಯಾಂಕಿಗೆ ಹೈಪೋಥಿಕೇಟ್ ಆಗಿರುತ್ತೆ, ಅದನ್ನು ಯಾರಿಗೂ ಕೊಡಬೇಡಿ, ಪಟ್ಟಿ ಮಾಡಿ ಬೀಗ ಹಾಕಿ. ಅಂಗಡಿಯನ್ನು ಮೈದುನನೋ ತಮ್ಮನೋ ಜೊತೆಗೆ ನಿಂತು ನಡೆಸುವ ಹಾಗಿದ್ದರೆ, ಆಗ ಯೋಚನೆ ಮಾಡಿ ಸಾಲ ಹೆಸರಿಗೆ ಮಾಡಿಕೊಳ್ಳುವುದು ಬೇರೆ ಮಾತು.

ಗ್ಯಾರಂಟಿಯ ದುಡ್ಡು ಬ್ಯಾಂಕಿಗೆ ಬರಬಹುದು, ಬರದೇ ಇರಬಹುದು, ಅದು ಅವರ ವ್ಯವಹಾರ. ನೀವು ನೋಡಬೇಕಾದ್ದು ಬೇರೆ ಇದೆ. ಯಜಮಾನರ ಉಳಿತಾಯ ಖಾತೆಯ ಪಾಸ್‌ಬುಕ್ ತೆಗೆಯಿರಿ, ಮೇ ತಿಂಗಳ ಕೊನೆ, ಜೂನ್ ಮೊದಲ ವಾರದ ಪುಟ ನೋಡಿ. 436 ರೂಪಾಯಿ ಕಡಿತ ಆಗಿದೆಯಾ? ಮುದ್ರಾ ಸಾಲ ಕೊಡುವಾಗ ಬಹಳ ಕಡೆ ಸರ್ಕಾರದ ಜೀವನ ಜ್ಯೋತಿ ವಿಮೆಗೂ ಸಹಿ ಹಾಕಿಸಿರುತ್ತಾರೆ, ಮನೆಯವರಿಗೆ ಗೊತ್ತೇ ಇರಲ್ಲ. ಆ 436 ಅಲ್ಲಿದ್ದರೆ, ಹೇಗೇ ಸಾವು ಬಂದಿದ್ದರೂ ನಾಮಿನಿಗೆ 2 ಲಕ್ಷ. ಮರಣ ಪ್ರಮಾಣಪತ್ರ, ನಿಮ್ಮ ಆಧಾರ್, ಪಾಸ್‌ಬುಕ್ ತಗೊಂಡು ಅದೇ ಶಾಖೆಗೆ ಹೋಗಿ ಕ್ಲೇಮ್ ಫಾರಂ ಕೇಳಿ. ತಡ ಆಯ್ತು ಅಂತ ಸುಮ್ಮನಾಗಬೇಡಿ, ಸೋಮವಾರವೇ ಹೋಗಿ. ಸಾಲಕ್ಕೆ ಅಂತ ಬೇರೆ ವಿಮೆ ಪ್ರೀಮಿಯಂ ಏನಾದರೂ ಕಡಿದಿದ್ದಾರಾ ಅಂತ ಸಾಲದ ಖಾತೆಯ ಸ್ಟೇಟ್‌ಮೆಂಟ್ ಕೂಡ ಕೇಳಿ ಪಡೆಯಿರಿ, ಸಾಲ ಕೊಟ್ಟ ಮೊದಲ ತಿಂಗಳ ಸಾಲುಗಳನ್ನು ಬೆರಳಿಟ್ಟು ಓದಿ. ಏನು ಕಂಡಿತು ಅಂತ ನನಗೆ ಬರೆಯಿರಿ.